ಇಂಜಿನ್ ತಕರಾರು: ಮೊದಲು ಟ್ಯಾಂಕು ನೋಡಿ

ಪ್ರಶ್ನೆ: ನಾವು ಕೆರೆಯಲ್ಲಿ ಮೀನು ಹಿಡಿಯುವ ಸಣ್ಣ ತಂಡದವರು. ಬಲೆ ಬಿಡಲು ಹೋಗಿಬರಲೆಂದು ಹೊನ್ನಾವರದ ಕಡೆಯಿಂದ ಹಳೆಯ 8 ಎಚ್‌ಪಿ ಟೂ ಸ್ಟ್ರೋಕ್ ದೋಣಿ ಮೋಟಾರು ತಂದಿದ್ದೇವೆ. ದಡದಲ್ಲಿ ಒಂದೇ ಎಳೆತಕ್ಕೆ ಶುರುವಾಗುತ್ತದೆ. ಕೆರೆಯ ನಡುವೆ ಹೋಗುವಷ್ಟರಲ್ಲಿ ದನಿ ಕುಗ್ಗಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರು. ಕಾರ್ಬೊರೇಟರ್ ಎರಡು ಸಲ ತೊಳೆಸಿದೆವು. ಹೊಸದನ್ನೇ ಹಾಕಿಸಬೇಕೆ?
– ಹಿರೇಕೆರೂರು

ಉತ್ತರ: ಬೇಡ, ಈಗಲೇ ದುಡ್ಡು ಹಾಕಬೇಡಿ. ಶುರುವಾಗಿ, ಸ್ವಲ್ಪ ದೂರ ಓಡಿ, ಕುಗ್ಗುತ್ತ ನಿಂತು, ಬಿಟ್ಟ ಮೇಲೆ ತಾನೇ ಸರಿಹೋಗುವ ಇಂಜಿನ್ನಿನ ಕಾರ್ಬೊರೇಟರನ್ನು ಕೊನೆಗೆ ಅನುಮಾನಿಸಬೇಕು. ಪೆಟ್ರೋಲ್ ಟ್ಯಾಂಕಿನಿಂದ ಹೊರಟು ಯಾವ ದಾರಿಯಲ್ಲಿ ಬರುತ್ತದೋ ಆ ದಾರಿಯಲ್ಲೇ ನೀವೂ ನಡೆಯಬೇಕು.

ಮೊದಲು ಟ್ಯಾಂಕಿನ ಮುಚ್ಚಳ. ಅದರ ಮೇಲೆ ಗಾಳಿ ಬಿಡುವ ಪುಟ್ಟ ತಿರುಪು ಇರುತ್ತದೆ. ಗಾಡಿಯಲ್ಲಿ ಸಾಗಿಸುವಾಗ ಪೆಟ್ರೋಲ್ ಚೆಲ್ಲದಿರಲಿ ಎಂದು ಅದನ್ನು ಮುಚ್ಚುತ್ತಾರೆ, ನೀರಿಗಿಳಿದ ಮೇಲೆ ತೆರೆಯಲು ಮರೆಯುತ್ತಾರೆ. ಪೆಟ್ರೋಲ್ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಮುಂದೆ ಸರಿಯುವುದಿಲ್ಲ. ನಿಂತ ಮೇಲೆ ಗಾಳಿ ಮೆಲ್ಲಗೆ ನುಸುಳುತ್ತದೆ, ಇಂಜಿನ್ ಮತ್ತೆ ಏಳುತ್ತದೆ. ನೀವು ಬರೆದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಮುಂದಿನ ಸಲ ನಿಂತ ಕೂಡಲೇ ಮುಚ್ಚಳ ಸಡಿಲಿಸಿ. ಗಾಳಿ ಎಳೆದುಕೊಂಡ ಸದ್ದು ಬಂದರೆ ಕಾರಣ ಸಿಕ್ಕಿತು. ತಿರುಪು ತೆರೆದೇ ಇದ್ದರೂ ಅದರ ತೂತಿನಲ್ಲಿ ಮಣ್ಣು ಕೂತಿರಬಹುದು.

ಅಲ್ಲಿ ದೋಷವಿಲ್ಲದಿದ್ದರೆ ಪೈಪಿನ ನಡುವಿನ ರಬ್ಬರ್ ಬಲ್ಬಿಗೆ ಬನ್ನಿ. ಮೋಟಾರಿನ ಜೊತೆ ಬರುವ ಇಷ್ಟೊಂದು ಉಪಯುಕ್ತ ಪರೀಕ್ಷಾ ಸಾಧನ ಇನ್ನೊಂದಿಲ್ಲ, ಆದರೂ ಇದನ್ನು ಗಮನವಿಟ್ಟು ನೋಡುವವರು ಕಡಿಮೆ. ಮೇಲಿನ ಬಾಣದ ಗುರುತು ಮೋಟಾರಿನ ಕಡೆಗಿರಬೇಕು. ನಾಲ್ಕಾರು ಸಲ ಹಿಸುಕಿದರೆ ಬಲ್ಬು ಗಟ್ಟಿಯಾಗಬೇಕು. ಎಷ್ಟು ಹಿಸುಕಿದರೂ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಸೇರುತ್ತಿದೆ ಅಥವಾ ಬಲ್ಬಿನೊಳಗಿನ ವಾಲ್ವು ಹೋಗಿದೆ. ಪೈಪು ಮೋಟಾರಿಗೆ ಸೇರುವ ಕನೆಕ್ಟರಿನ ರಬ್ಬರ್ ರಿಂಗು ಒಣಗಿ ಬಿರಿದಿರುವುದು ಹಳೆಯ ಮೋಟಾರುಗಳಲ್ಲಿ ಸಾಮಾನ್ಯ. ಬಲ್ಬು ಗಟ್ಟಿಯಾಗದೆ ಕಾರ್ಬೊರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಫ್ಲೋಟಿನ ಸೂಜಿ ಕೂರುತ್ತಿಲ್ಲ. ಓಡುವಾಗ ಬಲ್ಬು ಒಳಕ್ಕೆ ಹೀರಿಕೊಂಡು ಚಪ್ಪಟೆಯಾದರೆ ಅಡಚಣೆ ಟ್ಯಾಂಕಿನ ಕಡೆಗಿದೆ: ಗಾಳಿಯ ತೂತು, ಟ್ಯಾಂಕಿನ ತಳದ ಜಾಲರಿ, ಇಲ್ಲವೇ ಒಳಪದರ ಕಿತ್ತ ಪೈಪು. ಹಳೆಯ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ದಾರಿ ಮುಚ್ಚಿರುತ್ತದೆ.

ಇನ್ನೊಂದು ಪರೀಕ್ಷೆಗೆ ಇಬ್ಬರು ಬೇಕು. ದನಿ ಕುಗ್ಗತೊಡಗಿದಾಗ ಒಬ್ಬರು ಮೋಟಾರು ನಡೆಸಲಿ, ಮತ್ತೊಬ್ಬರು ಬಲ್ಬು ಹಿಸುಕುತ್ತ ಇರಲಿ. ಹಿಸುಕಿದಾಗ ಇಂಜಿನ್ ಚೇತರಿಸಿಕೊಂಡರೆ, ಬಲ್ಬು ಚಪ್ಪಟೆಯೂ ಆಗದಿದ್ದರೆ, ಮೋಟಾರಿನ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದಿದೆ ಅಥವಾ ಸೆಡೆತಿದೆ ಎಂದು ತಿಳಿಯಿರಿ. ತೆಳು ಹಾಳೆಯಂಥ ಆ ಭಾಗ ಹೊಸ ಕಾರ್ಬೊರೇಟರಿಗಿಂತ ಎಷ್ಟೋ ಅಗ್ಗ.

ಹಿಸುಕಿದರೂ ಫಲವಿಲ್ಲವೆಂದರೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ, ತೊಯ್ದಿದ್ದರೆ ಕಿಡಿಯನ್ನು ವಿಚಾರಿಸಬೇಕು. ಪಕ್ಕದಿಂದ ಚಿಮ್ಮುವ ತಂಪಿನ ನೀರಿನ ಮೇಲೂ ಕಣ್ಣಿಡಿ. ಕೆರೆಯ ಜೊಂಡು, ಕೆಸರು ನೀರಿನ ಬಾಯಿಗೆ ಕಟ್ಟಿಕೊಂಡು ಇಂಜಿನ್ ಬಿಸಿಯೇರಿದರೂ ಹೀಗೆಯೇ ನಿಲ್ಲುತ್ತದೆ, ಆರಿದ ಮೇಲೆ ಶುರುವಾಗುತ್ತದೆ. ಇದೆಲ್ಲ ಮುಗಿಯುವವರೆಗೆ ಹುಟ್ಟು ಇಲ್ಲದೆ ನಡುನೀರಿಗೆ ಹೋಗಬೇಡಿ. ಪೆಟ್ರೋಲ್ ತುಂಬುವುದಿದ್ದರೆ ಟ್ಯಾಂಕನ್ನು ದಡಕ್ಕೆ ಇಳಿಸಿಯೇ ತುಂಬಿ. ಅದರ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ನಿಂತು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಮಾವು ಹೂ ಬಿಟ್ಟಾಗ ಔಷಧ ಹೊಡೆದು ಇಟ್ಟ ಪವರ್ ಸ್ಪ್ರೇಯರನ್ನು ಮಳೆಗಾಲದಲ್ಲಿ ತೆಗೆದರೆ ಶುರುವಾಗಲಿಲ್ಲ. ಆಯಿಲ್ ಬೆರೆಸಿಟ್ಟಿದ್ದ ಪೆಟ್ರೋಲನ್ನು ಬಾಟಲಿಗೆ ಸುರಿದು ನೋಡಿದರೆ ಕೆಳಗೆ ಬೇರೆ ಪದರ ನಿಂತಿದೆ. ಬಂಕಿನವರು ನೀರು ಬೆರೆಸಿದರೆ?
– ಹಾನಗಲ್ಲ

ಉತ್ತರ: ಈ ಬಾಟಲಿಯನ್ನು ನೋಡಿ ಬಂಕಿನವರನ್ನು ದೂರಲಾಗದು. ಈಗ ನಮಗೆ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ. ಕಬ್ಬಿನಿಂದಲೂ, ನಮ್ಮ ಕಡೆ ಹೇರಳವಾಗಿ ಬೆಳೆಯುವ ಗೋವಿನಜೋಳದಿಂದಲೂ ಎಥೆನಾಲ್ ತಯಾರಾಗುತ್ತದೆ. ರೈತನಿಗೆ ಅದು ಒಳ್ಳೆಯದೇ. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಅರ್ಧ ಖಾಲಿ ಟ್ಯಾಂಕು ಮಳೆಗಾಲದವರೆಗೆ ಕೂತರೆ, ನೀರು ಒಂದು ಮಿತಿ ಮೀರಿದಾಗ ಎಥೆನಾಲೂ ನೀರೂ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ.

ದಯವಿಟ್ಟು ಇದನ್ನು ಅಲ್ಲಾಡಿಸಿ ಮತ್ತೆ ಬಳಸಬೇಡಿ. ನೀವು ಬೆರೆಸಿದ ಆಯಿಲ್ ಮೇಲಿನ ಪದರದಲ್ಲಿ ಉಳಿದಿರುತ್ತದೆ. ಇಂಜಿನ್ ಹೀರುವುದು ತಳದಿಂದ. ಟೂ ಸ್ಟ್ರೋಕ್ ಇಂಜಿನ್ನಿಗೆ ಆ ಆಯಿಲ್ ಬಿಟ್ಟರೆ ಬೇರೆ ಜಿಡ್ಡಿಲ್ಲ. ಒಣ ಪಿಸ್ಟನ್ನು ಕೆಲವೇ ನಿಮಿಷಗಳಲ್ಲಿ ಗೀರು ಬಿದ್ದು ಹಿಡಿದುಕೊಳ್ಳಬಹುದು. ಟ್ಯಾಂಕು ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಕಾರ್ಬೊರೇಟರಿನ ಜೆಟ್ಟನ್ನು ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ತೊಳೆಸಿ. ತಂತಿ ಚುಚ್ಚುವವರಿಗೆ ಕೊಡಬೇಡಿ. ಹಿತ್ತಾಳೆಯ ತೂತು ಹಿಗ್ಗಿದರೆ ಇಂಜಿನ್ ಹದಕ್ಕೆ ಬರುವುದು ಕಷ್ಟ. ಹೊಸದಾಗಿ ಬೆರೆಸುವಾಗ ಯಂತ್ರದ ಪುಸ್ತಕ ನೋಡಿ: 1:50 ಎಂದಿದ್ದರೆ ಲೀಟರಿಗೆ 20 ಮಿ.ಲೀ., 1:25 ಎಂದಿದ್ದರೆ 40 ಮಿ.ಲೀ. ಕಣ್ಣಂದಾಜಿನಲ್ಲಿ ಸುರಿಯಬೇಡಿ, ಔಷಧಕ್ಕೆ ಅಳತೆ ಮಾಡುವಷ್ಟೇ ಎಚ್ಚರಿಕೆಯಿಂದ ಅಳೆಯಿರಿ. ಹಂಗಾಮು ಮುಗಿದ ದಿನ ಟ್ಯಾಂಕು ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಪ್ರಶ್ನೆ: ಕೃಷಿ ಹೊಂಡದಿಂದ ನೀರೆತ್ತುವ ನಮ್ಮ ಪಂಪಿನ ಇಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ ಚಿಮಣಿ ಎಣ್ಣೆಯಲ್ಲಿ ಓಡುತ್ತದೆ. ಬೆಳಿಗ್ಗೆ ಹಗ್ಗ ಎಳೆದೆಳೆದು ಕೈ ಸೋಲುತ್ತದೆ.
– ಶಿಗ್ಗಾಂವಿ

ಉತ್ತರ: ಹಿಂದಿನ ಸಂಜೆ ಚಿಮಣಿ ಎಣ್ಣೆಯಲ್ಲೇ ನಿಲ್ಲಿಸುತ್ತಿದ್ದೀರಿ ಅನಿಸುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಅದು ಸಾಕಷ್ಟು ಆವಿಯಾಗುವುದಿಲ್ಲ, ಬೆಳಿಗ್ಗೆ ಕಾರ್ಬೊರೇಟರ್ ಬಟ್ಟಲಿನಲ್ಲಿ ಅದೇ ತುಂಬಿರುತ್ತದೆ. ನಿಲ್ಲಿಸುವ ಕೆಲವು ನಿಮಿಷ ಮೊದಲು ಕಾಕನ್ನು ಪೆಟ್ರೋಲಿಗೆ ತಿರುಗಿಸಿ ಓಡಿಸಿ. ಶುರುಮಾಡಿದ ಮೇಲೂ ಇಂಜಿನ್ ಚೆನ್ನಾಗಿ ಕಾಯುವವರೆಗೆ ಚಿಮಣಿ ಎಣ್ಣೆಗೆ ಬದಲಿಸಬೇಡಿ. ಇಂಜಿನ್ ಆಯಿಲಿನ ಅಳತೆ ಕಡ್ಡಿಯನ್ನು ಇಂದೇ ನೋಡಿ. ಮಟ್ಟ ತಾನಾಗಿ ಏರಿದ್ದರೆ ಉರಿಯದ ಎಣ್ಣೆ ಕೆಳಗಿಳಿದು ಆಯಿಲನ್ನು ತೆಳುವಾಗಿಸಿದೆ. ಬದಲಿಸದೆ ಓಡಿಸಬೇಡಿ.

ಪ್ರಶ್ನೆ: ಹತ್ತಿ ಹೊಲದ ಕಳೆ ತೆಗೆಯುವ ಪೆಟ್ರೋಲ್ ಯಂತ್ರ ಅರ್ಧ ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ಏರಿಳಿಯುತ್ತ ನಿಲ್ಲುತ್ತದೆ. ಉಳಿದ ಪೆಟ್ರೋಲನ್ನು ತಂಪು ಪಾನೀಯದ ಬಾಟಲಿಯಲ್ಲಿ ಇಡುತ್ತೇವೆ, ಸರಿಯೆ?
– ಸವಣೂರು

ಉತ್ತರ: ಚೋಕ್ ಎಳೆದಾಗ ಓಡುವ ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಗಾಳಿ ಹೆಚ್ಚಾಗಿದೆ. ಸಣ್ಣ ಜೆಟ್ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ತೊಳೆದರೂ ಸರಿಹೋಗದಿದ್ದರೆ ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ಪ್ಯಾಕಿಂಗ್ ಬದಲಿಸಿ. ಚೋಕ್ ಎಳೆದೇ ಇಡೀ ಹೊಲ ಮುಗಿಸುವ ಅಭ್ಯಾಸ ಬೇಡ.

ಬಾಟಲಿಯ ವಿಷಯಕ್ಕೆ ನನ್ನ ಉತ್ತರ ಖಂಡಿತ ಬೇಡ ಎಂಬುದೇ. ಬಾಯಾರಿ ಬಂದ ಮಗು ಅದನ್ನು ಶರಬತ್ತೆಂದು ಕುಡಿದರೆ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಒಯ್ಯಿರಿ. ಪೆಟ್ರೋಲಿಗೆಂದೇ ಮಾಡಿದ, ಬಿಗಿ ಮುಚ್ಚಳದ ಡಬ್ಬಿ ಕೊಳ್ಳಿ. ತಂದ ದಿನಾಂಕವನ್ನು ಅದರ ಮೇಲೆ ಬರೆದು, ಒಲೆ ದೀಪಗಳಿಂದ ದೂರ, ಮಕ್ಕಳ ಕೈಗೆ ಎಟುಕದ ಕಡೆ ಇಡಿ.