ಪಂಚಮಿಯ ಹಾಲು, ಸೋದರಿಯ ಪಾಲು

ಶ್ರಾವಣ ಶುದ್ಧ ಪಂಚಮಿಯು ಹೆಸರಿನಿಂದ ನಾಗನ ಹಬ್ಬ. ಆಚರಣೆಯಿಂದ ಒಡಹುಟ್ಟಿದವರ ಹಬ್ಬ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸದ್ಭಕ್ತರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ನೂಲಹುಣ್ಣಿಮೆಯ ರಕ್ಷೆಯೂ ಕಾರ್ತಿಕ ಶುದ್ಧ ಬಿದಿಗೆಯ ಯಮದ್ವಿತೀಯೆಯೂ ಸೋದರ ಸೋದರಿಯರ ಪರ್ವಗಳೇ ಅಹುದು. ಎರಡನೆಯದನ್ನು ಗಡಿಯಾಚೆಯ ಮರಾಠಿ ನೆರೆಹೊರೆಯವರು ಭಾವುಬೀಜವೆಂದು ಆಚರಿಸುವರು. ಆದರೆ ನಮ್ಮ ಸೀಮೆಯ ಹೆಣ್ಣುಮಕ್ಕಳು ವರುಷವಿಡೀ ಹಾದಿ ನೋಡುವುದು ಪಂಚಮಿಗಾಗಿ. ಅಣ್ಣನೋ ತಮ್ಮನೋ ಕರೆಯಲು ಬರಬೇಕು. ರೊಟ್ಟಿಪಂಚಮಿಯಂದು ಎಳ್ಳು ಹಚ್ಚಿದ ಸಜ್ಜೆರೊಟ್ಟಿಗಳು ಪಲ್ಯಗಳೊಡನೆ ಮನೆಯಿಂದ ಮನೆಗೆ ಹೋಗಬೇಕು. ಶೇಂಗಾದ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು ಆಗಬೇಕು. ಮರಕ್ಕೆ ಜೋಕಾಲಿ ಕಟ್ಟಬೇಕು. ಮರಳಿ ಹೋಗುವಾಗ ಉಡಿ ತುಂಬಿ ಸೀರೆ ಕುಬಸ ಕೊಡಬೇಕು. ಕರೆಯಲು ಬಾರದ ಅಣ್ಣನನ್ನು ನೆನೆದು ಬಾಗಿಲಲ್ಲಿ ನಿಂತ ತಂಗಿಯ ದುಃಖವು ನಮ್ಮ ಜನಪದ ಹಾಡುಗಳಲ್ಲೆಲ್ಲ ತುಂಬಿದೆ.

ಹುತ್ತಕ್ಕೆ ಹಾಲೆರೆಯುವಾಗ ನಮ್ಮ ತಾಯಂದಿರು ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು ಎಂದು ಒಬ್ಬೊಬ್ಬರ ಹೆಸರು ಹಿಡಿದು ಎರೆಯುವರಷ್ಟೆ. ಈ ಶಬ್ದವನ್ನು ವಿಚಾರಿಸಿ ನೋಡಬೇಕು. ಹಳಗನ್ನಡದಲ್ಲಿ 'ಪಾಲ್' ಎಂದರೆ ಹಾಲೂ ಅಹುದು, ಭಾಗವೂ ಅಹುದು. ಕಾಲಕ್ರಮದಲ್ಲಿ ಪಕಾರವು ಹಕಾರವಾಗಿ ಮೊದಲನೆಯದು 'ಹಾಲು' ಆಯಿತು. ಎರಡನೆಯದು 'ಪಾಲು' ಆಗಿಯೇ ಉಳಿಯಿತು. ಹೀಗೆ ಪಂಚಮಿಯ ದಿನ ಹೆಣ್ಣುಮಗಳ ಕೈಯಲ್ಲಿ ಹಾಲಿದೆ, ಬಾಯಲ್ಲಿ ಪಾಲಿದೆ. ತವರಿನ ಎಲ್ಲರ ಪಾಲನ್ನೂ ನೆನೆಯುವ ಆಕೆಯ ಪಾಲು ಯಾವುದೆಂಬುದೇ ಈ ಲೇಖನದ ವಿಚಾರ.

ಶಿಲೆಯ ಹಾವಿಗೆ ತೋರುವ ಭಕ್ತಿಯನ್ನು ಜೀವವಿರುವ ಹಾವಿಗೂ, ಹಸಿದು ಬಂದ ಜಂಗಮಕ್ಕೂ ತೋರದ ಲೋಕದ ವೈಪರೀತ್ಯವನ್ನು ಬಸವಣ್ಣನವರು ಒಂದು ಪ್ರಸಿದ್ಧ ವಚನದಲ್ಲಿ ಎತ್ತಿ ತೋರಿರುವರು. ಅದನ್ನು ಅನುಸರಿಸಿಯೇ ಈಗ ಹಲವೆಡೆ ಇದೇ ತಿಥಿಯನ್ನು ಬಸವ ಪಂಚಮಿಯೆಂದು ಕರೆದು, ಹುತ್ತಕ್ಕೆರೆಯುವ ಹಾಲನ್ನು ಮಕ್ಕಳಿಗೂ ರೋಗಿಗಳಿಗೂ ಹಂಚುವ ಪದ್ಧತಿ ಬಂದಿದೆ. ಇದು ಸಾಧುವಾದುದೇ. ಆದರೆ ವಚನದ ತಾತ್ಪರ್ಯವು ಹಾಲಿಗಷ್ಟೇ ನಿಲ್ಲುವುದಿಲ್ಲ. ಸಂಕೇತಕ್ಕೆ ಸಲ್ಲಿಸಿ ಪ್ರತ್ಯಕ್ಷಕ್ಕೆ ಸಲ್ಲಿಸದಿರುವುದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಆ ಮಾತು ತಾಗುತ್ತದೆ. ವರುಷಕ್ಕೊಂದು ಸೀರೆಯನ್ನು ಪ್ರೀತಿಯ ಕುರುಹಾಗಿ ಕೊಟ್ಟು, ತಂದೆಯ ಹೊಲದಲ್ಲಿ ಆಕೆಗೆ ನ್ಯಾಯವಾಗಿ ಬರುವುದನ್ನು ಕೊಡದ ಮನೆಗೂ ತಾಗುತ್ತದೆ.

ಶರಣರಲ್ಲಿ ಒಡಹುಟ್ಟಿದವರ ಸಂಬಂಧಕ್ಕೆ ಬಸವಣ್ಣ ಮತ್ತು ಅಕ್ಕನಾಗಮ್ಮನವರೇ ಮೇಲ್ಪಂಕ್ತಿ. ಅಕ್ಕನಿಗಿಲ್ಲದ ಜನಿವಾರ ತನಗೇಕೆಂದು ಬಾಲಕ ಬಸವಣ್ಣ ಕೇಳಿದನೆಂಬುದು ಪರಂಪರೆಯಿಂದ ಬಂದ ಕಥೆ. ತನಗೆ ಬಂದುದರಲ್ಲಿ ಸೋದರಿಗೂ ಪಾಲುಂಟೇ ಎಂಬ ಪ್ರಶ್ನೆಯು ಆ ಕಥೆಯ ಜೀವಾಳ. ಅಕ್ಕನಾಗಮ್ಮನವರು ಕಲ್ಯಾಣದ ಮಹಾಮನೆಯಲ್ಲಿ ದಾಸೋಹಕ್ಕೆ ನಿಂತರು, ಚನ್ನಬಸವಣ್ಣನವರ ತಾಯಿಯಾದರು, ಕಲ್ಯಾಣದ ವಿಪ್ಲವದ ತರುವಾಯ ಶರಣಗಣದೊಡನೆ ಉಳವಿಯ ಕಡೆಗೆ ನಡೆದರು. ಸ್ವತಃ ವಚನಗಳನ್ನು ರಚಿಸಿದ ಈ ತಾಯಿಯ ಅಂಕಿತವು 'ಬಸವಣ್ಣಪ್ರಿಯ ಚನ್ನಸಂಗಯ್ಯ' ಎಂಬುದು. ತಮ್ಮನ ಹೆಸರನ್ನು ಅಂಕಿತದಲ್ಲಿಯೇ ಧರಿಸಿದ ಅಕ್ಕ! ಇಷ್ಟಲಿಂಗವನ್ನು ಕೊಡುವಾಗ ಗುರುವು ಗಂಡಿಗೆ ಹೆಚ್ಚು, ಹೆಣ್ಣಿಗೆ ಕಡಿಮೆ ಎಂದು ಅಳೆದು ಕೊಡುವುದಿಲ್ಲ. ಲಿಂಗದಲ್ಲಿಲ್ಲದ ಭೇದವನ್ನು ಹೊಲದ ಬದುವಿನಲ್ಲಿ ಹುಟ್ಟಿಸುವುದು ಎಂತು ಧರ್ಮವಾದೀತು?

ರಾಜಶಾಸನವೂ ಈಗ ಇದನ್ನೇ ಹೇಳುತ್ತದೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಾನು ಯಾರಿಗೆ ಅನ್ವಯಿಸುವುದೆಂದು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಎತ್ತಿದೆ. ಕರ್ನಾಟಕವು ೧೯೯೪ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ದೊರೆಯಲಿಲ್ಲ. ೨೦೦೫ರ ಸೆಪ್ಟೆಂಬರ್ ೯ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ಅಳಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ೨೦೦೫ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ್ ೧೧ರಂದು ತೀರ್ಪಿತ್ತಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ವಿಧಿವತ್ತಾಗಿ ಆಗಿಹೋದ ಪಾಲುಪಟ್ಟಿಗಳು ಮಾತ್ರ ಹಾಗೆಯೇ ನಿಲ್ಲುವುವು.

ಶಾಸನವಿದ್ದರೂ ನಡೆಯುವುದೇನು? ಘಟಪ್ರಭೆಯ ಕಾಲುವೆ ಹರಿದು ಕಬ್ಬು ಬೆಳೆಯುವ ಸೀಮೆಯಲ್ಲಿ ನೆಲದ ಬೆಲೆ ಏರಿದಂತೆ ಹಕ್ಕುಬಿಡುಗಡೆ ಪತ್ರಕ್ಕೆ ಸೋದರಿಯ ಸಹಿ ಕೇಳುವುದೂ ಸಾಮಾನ್ಯವಾಗಿದೆ. ಆಕೆ ಸಹಿ ಮಾಡುವಳು. ಏಕೆ? ಪಾಲು ಕೇಳಿದರೆ ಪಂಚಮಿಗೆ ಕರೆಯಲು ಯಾರೂ ಬಾರರೆಂಬ ಭಯದಿಂದ. ತವರಿನ ಬಾಗಿಲನ್ನು ತೆರೆದಿಡಲು ತವರಿನ ನೆಲವನ್ನು ಬಿಟ್ಟುಕೊಡುವಳು. ಭಯದಿಂದ ಬಿಟ್ಟುದು ದಾಸೋಹವಲ್ಲ. ಭಯಪಡಿಸಿ ಪಡೆದುದು ಪ್ರಸಾದವಲ್ಲ.

ಇಲ್ಲಿ ಗೃಹಸ್ಥರು ಎರಡು ಆಕ್ಷೇಪಗಳನ್ನು ಎತ್ತಬಹುದು. ಮದುವೆಯಲ್ಲಿ ಬಂಗಾರ ಕೊಟ್ಟೆವು, ಸಾಲ ಮಾಡಿದೆವು, ತಂದೆತಾಯಿಯರನ್ನು ಸಾಕಿದವರೂ ನಾವೇ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿಲ್ಲದಿಲ್ಲ. ಮುಪ್ಪಿನ ತಂದೆತಾಯಿಯರ ಸೇವೆ ಸಣ್ಣ ಕಾಯಕವಲ್ಲ. ಹಾಗಿದ್ದರೆ ಮನೆತನದ ಸಾಲವನ್ನೂ ವೆಚ್ಚವನ್ನೂ ಸೋದರಿಯ ಮುಂದೆ ಲೆಕ್ಕವಾಗಿ ಇಡಬೇಕು. ಲೆಕ್ಕವನ್ನೇ ತೋರದೆ ಸಹಿ ಮಾತ್ರ ಕೇಳಬಾರದು. ಎರಡೆಕರೆ ಹೊಲವನ್ನು ಹರಿದು ಹಂಚಿದರೆ ಯಾರಿಗೂ ಉಳುಮೆ ಗಿಟ್ಟದೆಂಬುದು ಎರಡನೆಯದು. ಇದೂ ನಿಜ. ಆದರೆ ನೆಲವನ್ನು ಒಡೆಯದೆಯೇ ಆಕೆಯ ಭಾಗದ ಬೆಲೆಯನ್ನು ಕಂತುಕಂತಾಗಿ ಸಲ್ಲಿಸಬಹುದು, ಇಲ್ಲವೆ ವರುಷದ ಬೆಳೆಯಲ್ಲಿ ಭಾಗ ಕೊಡಬಹುದು. ಎಲ್ಲವನ್ನೂ ತಿಳಿದ ಮೇಲೆ ಆಕೆ ತಾನಾಗಿ ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಅಣ್ಣನು ಅದನ್ನು ತನ್ನ ಹಕ್ಕೆಂದು ತಿಳಿಯದೆ ಆಕೆಯ ಋಣವೆಂದು ತಿಳಿಯಬೇಕು.

ಆದುದರಿಂದ ಸದ್ಭಕ್ತರೇ, ಬರುವ ಪಂಚಮಿಗೆ ಸೋದರಿಯನ್ನು ತಪ್ಪದೆ ಕರೆತನ್ನಿರಿ. ಪಾಲು ಕೇಳಿದವಳನ್ನೂ ಕರೆಯಿರಿ, ಆಕೆಯನ್ನು ಮೊದಲು ಕರೆಯಿರಿ. ಉಂಡಿಯನ್ನು ತಿಂದು ಜೋಕಾಲಿಯಾಡಿದ ಮೇಲೆ, ತಾಯಿಯ ಎದುರಿನಲ್ಲಿ ಕುಳಿತು ಹೊಲಮನೆಯ ಕಾಗದಪತ್ರಗಳನ್ನು ಆಕೆಗೆ ಓದಿ ಹೇಳಿರಿ. ಅಣ್ಣನ ಪಾಲೆಂದು ಹಾಲೆರೆದ ಕೈಗೆ ಆ ಕೈಯ ಪಾಲು ಸಂದರೆ ಪಂಚಮಿಯು ಸಾರ್ಥಕವಾಗುವುದು.