ಅಣಬೆ ಕೊಯ್ದ ಹುಲ್ಲು ಹಸುವಿನ ಬಾಯಿಗೆ ಹೋಗುವ ಮುನ್ನ

ಮಗಳೇ, ಅಣಬೆ ಕೊಯ್ದ ಮೇಲೆ ಚೀಲದಲ್ಲಿ ಉಳಿಯುವ ನೆಲ್ಲುಲ್ಲನ್ನು ಹಸುವಿಗೆ ಹಾಕಬಹುದಾ ಅಂತ ಕೇಳಿದ್ದೀಯ. ಹಾಕಬಹುದು. ಆದರೆ ಅದನ್ನು ಅಣಬೆ ಕೊಯ್ಯುವ ದಿನ ತೀರ್ಮಾನಿಸಿದರೆ ತಡವಾಯಿತು, ಹುಲ್ಲು ನೆನೆಹಾಕುವ ದಿನವೇ ತೀರ್ಮಾನಿಸಬೇಕು. ಅವತ್ತು ನೀರಿಗೆ ಏನು ಬೆರೆಸುತ್ತೀಯೋ ಅದು ಹಸುವಿನ ಹೊಟ್ಟೆಗೂ ಹೋಗಬಹುದು, ಅಲ್ಲಿಂದ ಹಾಲಿಗೂ ಬರಬಹುದು.

ಮೊದಲು ಹುಲ್ಲಿನ ಗುಣ ತಿಳಿದುಕೋ. ನೆಲ್ಲುಲ್ಲಿನಲ್ಲಿ ಸತ್ವವೇ ಇಲ್ಲ ಎನ್ನುವವರಿದ್ದಾರೆ. ಆ ಮಾತು ಪೂರ್ತಿ ನಿಜವಲ್ಲ. ಅದರ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೆಲ್ಯುಲೋಸ್ ಮತ್ತು ಅದರ ಬಳಗದ ನಾರು. ಮೆಲುಕು ಹಾಕುವ ಪ್ರಾಣಿಗೆ ಅದು ಒಳ್ಳೆಯ ಶಕ್ತಿ. ಆದರೆ ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಆ ನಾರನ್ನು ಹಿಡಿದುಕೊಂಡು ಕೂತಿದೆ. ಅದರ ಜೊತೆಗೆ ಮರಳಿನ ಅಂಶವಾದ ಸಿಲಿಕಾ. ಬೇರೆ ಪೈರುಗಳಲ್ಲಿ ದಂಟಿಗಿಂತ ಎಲೆ ಚೆನ್ನಾಗಿ ಅರಗುತ್ತದೆ. ಭತ್ತದಲ್ಲಿ ಸಿಲಿಕಾ ಎಲೆಯಲ್ಲೇ ಹೆಚ್ಚು ಸೇರುವುದರಿಂದ ಎಲೆಗಿಂತ ದಂಟೇ ವಾಸಿ. ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು ಅಷ್ಟೇ. ಹಾಗಾಗಿ ಬರೀ ನೆಲ್ಲುಲ್ಲು ತಿನ್ನುವ ಹಸುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ರಾಗಿಹುಲ್ಲು ಇದಕ್ಕಿಂತ ಎಷ್ಟೋ ಮೇಲು. ನಿನ್ನ ಮೆದೆಯಲ್ಲಿ ರಾಗಿಹುಲ್ಲು ಇದ್ದರೆ ಅದನ್ನು ಅಣಬೆಗೆ ಹಾಕಬೇಡ, ನೇರವಾಗಿ ಹಸುವಿಗೇ ಹಾಕು.

ಹಸುವಿನ ಹೊಟ್ಟೆಯಲ್ಲೂ ಶಿಲೀಂಧ್ರಗಳಿವೆ ಗೊತ್ತಾ? 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಎಂಬ ವಿಜ್ಞಾನಿ ಕುರಿಯ ಮೊದಲ ಹೊಟ್ಟೆಯಲ್ಲಿ ಅವುಗಳನ್ನು ಗುರುತಿಸಿದರು. ಗಾಳಿ ಇಲ್ಲದ ಕಡೆ ಶಿಲೀಂಧ್ರ ಬದುಕುವುದಿಲ್ಲ ಎಂದೇ ಅಲ್ಲಿಯವರೆಗೆ ನಂಬಿಕೆ ಇತ್ತು. ಅವು ನಾರನ್ನು ಸೀಳುತ್ತವೆ, ಸಡಿಲಿಸುತ್ತವೆ, ನಿಜ. ಆದರೆ ಲಿಗ್ನಿನ್ ಮುರಿದು ಕರಗಿಸುವುದಕ್ಕೆ ಆಮ್ಲಜನಕ ಬೇಕು, ಆ ಹೊಟ್ಟೆಯಲ್ಲಿ ಅದಿಲ್ಲ. ಆ ಕೆಲಸ ಹೊರಗೇ ಆಗಬೇಕು. ನೀನು ಬೆಳೆಯುವ ಚಿಪ್ಪಣಬೆ ಮಾಡುವುದು ಅದನ್ನೇ. ಅದು ಬಿಳಿಕೊಳೆ ಶಿಲೀಂಧ್ರಗಳ ಜಾತಿಗೆ ಸೇರಿದ್ದು. ಕಾಡಿನಲ್ಲಿ ಬಿದ್ದ ಮರವನ್ನು ಬೆಳ್ಳಗೆ, ಮೆತ್ತಗೆ ಮಾಡುವ ಬಳಗ ಅದು. ಲ್ಯಾಕೇಸ್ ಮೊದಲಾದ ಕಿಣ್ವಗಳನ್ನು ಒಸರಿಸಿ ಲಿಗ್ನಿನ್ ಒಡೆಯುತ್ತದೆ. ದಕ್ಷಿಣ ಚಿಲಿ ದೇಶದ ಮಳೆಕಾಡುಗಳಲ್ಲಿ ಹೀಗೆ ಬೆಳ್ಳಗೆ ಕೊಳೆತ ಮರದ ದಿಮ್ಮಿಗಳನ್ನು ದನಗಳೇ ಹುಡುಕಿಕೊಂಡು ಹೋಗಿ ತಿನ್ನುತ್ತವೆ. ಅಲ್ಲಿಯ ಜನ ಅದನ್ನು ಮೇವೆಂದೇ ಬಳಸಿದ್ದಾರೆ. ಮರವನ್ನೇ ಮೇವು ಮಾಡುವ ಶಿಲೀಂಧ್ರಕ್ಕೆ ಹುಲ್ಲು ಯಾವ ಲೆಕ್ಕ?

ಈಗ ನೀನು ಗಮನವಿಡಬೇಕಾದ ಮಾತು. ಶಿಲೀಂಧ್ರ ಹಸುವಿನ ಮೇಲಿನ ಪ್ರೀತಿಗೆ ಲಿಗ್ನಿನ್ ಒಡೆಯುವುದಿಲ್ಲ, ಒಳಗಿನ ನಾರು ತನಗೆ ಬೇಕು ಅಂತ ಒಡೆಯುತ್ತದೆ. ಮೊದಲ ಕೆಲವು ವಾರ ಲಿಗ್ನಿನ್ ಕರಗುತ್ತದೆ, ಸೆಲ್ಯುಲೋಸ್ ಹೆಚ್ಚಾಗಿ ಉಳಿದಿರುತ್ತದೆ. ಹುಲ್ಲು ಹಸುವಿಗೆ ಹೆಚ್ಚು ಒಗ್ಗುವುದು ಆಗಲೇ. ಅಣಬೆ ಏಳತೊಡಗಿದ ಮೇಲೆ ಸೆಲ್ಯುಲೋಸಿಗೂ ಬಾಯಿ ಹಾಕುತ್ತದೆ. ನಾಲ್ಕನೇ ಐದನೇ ಕೊಯ್ಲಿನವರೆಗೂ ಚೀಲ ತೂಗುಹಾಕಿದರೆ ಕೊನೆಗೆ ಉಳಿಯುವುದು ಬೂದಿ ಅಂಶವೇ ಹೆಚ್ಚಿರುವ ಸಪ್ಪೆ ಹುಲ್ಲು. ಅದು ತಿಪ್ಪೆಗೋ ಎರೆಗೊಬ್ಬರದ ತೊಟ್ಟಿಗೋ ಸರಿ. ಹಸುವಿಗೆ ಕೊಡುವ ಮನಸ್ಸಿದ್ದರೆ ಒಂದು, ಹೆಚ್ಚೆಂದರೆ ಎರಡು ಕೊಯ್ಲಿಗೆ ಚೀಲ ಬಿಚ್ಚು. ಹೇಗಿದ್ದರೂ ಫಸಲಿನ ದೊಡ್ಡ ಪಾಲು ಬರುವುದು ಆ ಮೊದಲ ಎರಡು ಕೊಯ್ಲಿನಲ್ಲೇ.

ಅಣಬೆ ಹುಲ್ಲಿನಲ್ಲಿ ಪ್ರೋಟೀನು ಹೆಚ್ಚಾಗುತ್ತದೆ ಅಂತ ನಿನಗೆ ಯಾರಾದರೂ ಹೇಳುತ್ತಾರೆ. ಪರೀಕ್ಷೆ ಮಾಡಿಸಿದರೆ ಶೇಕಡಾವಾರು ಹೆಚ್ಚಾಗಿರುವುದೂ ಕಾಣುತ್ತದೆ. ಆದರೆ ಶಿಲೀಂಧ್ರಕ್ಕೆ ಗಾಳಿಯಿಂದ ಸಾರಜನಕ ಹಿಡಿಯುವ ಶಕ್ತಿ ಇಲ್ಲ. ಹುಲ್ಲಿನ ಒಂದಷ್ಟು ಭಾಗ ಉಸಿರಾಟದಲ್ಲಿ ಕರಗಿ ಹೋಗಿ, ಇದ್ದ ಪ್ರೋಟೀನು ಕಡಿಮೆ ತೂಕದಲ್ಲಿ ಉಳಿದದ್ದಕ್ಕೆ ಅಂಕಿ ಏರಿತು, ಅಷ್ಟೇ. ಒಣತೂಕದಲ್ಲಿ ಐದನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹೀಗೆ ಕರಗುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಪರದಾಡುವ ಮನೆಗೆ ಇದು ಸಣ್ಣ ನಷ್ಟವಲ್ಲ.

ಈ ನಷ್ಟವೇ ದೊಡ್ಡ ದೊಡ್ಡ ಸಂಸ್ಥೆಗಳ ಕೈಯನ್ನೂ ಕಟ್ಟಿದ್ದು. 1980ರ ದಶಕದಲ್ಲಿ ಕರ್ನಾಲಿನ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಹುಲ್ಲನ್ನು ಮೊದಲು ಯೂರಿಯಾದಲ್ಲಿ ಹದಮಾಡಿ, ಆಮೇಲೆ ಅದರ ಮೇಲೆ ಕೊಪ್ರಿನಸ್ ಎಂಬ ಶಿಲೀಂಧ್ರ ಬೆಳೆಸುವ ವಿಧಾನ ರೂಪಿಸಿದರು. ‘ಕರ್ನಾಲ್ ವಿಧಾನ’ ಅಂತಲೇ ಹೆಸರಾಯಿತು. ಶಿಲೀಂಧ್ರ ಅಲ್ಲಿ ಬೆಳೆಯಿತು, ಆದರೆ ಕರಗಿದ ಹುಲ್ಲಿನ ಲೆಕ್ಕ ಮತ್ತು ಪಡಬೇಕಾದ ಶ್ರಮ ನೋಡಿದ ರೈತರು ಕೈಹಾಕಲಿಲ್ಲ. ಈಚೆಗೆ ನೆದರ್‌ಲ್ಯಾಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು ಸೆಲ್ಯುಲೋಸ್ ಹೆಚ್ಚು ಮುಟ್ಟದೆ ಲಿಗ್ನಿನ್ನನ್ನೇ ಹೆಚ್ಚಾಗಿ ಒಡೆಯುವಂಥ ಜಾತಿಗಳನ್ನು ಆರಿಸಿ ಗೋಧಿಹುಲ್ಲಿನ ಮೇಲೆ ಬೆಳೆಸಿ ನೋಡಿದ್ದಾರೆ. ಹುಲ್ಲು ಚೆನ್ನಾಗಿಯೇ ಸುಧಾರಿಸುತ್ತದೆ, ಆದರೆ ಆರೇಳು ವಾರ ಹಿಡಿಯುತ್ತದೆ. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೂ ಇದರ ಮೇಲೆ ಕೆಲಸ ಮಾಡಿದೆ.

ಅದಕ್ಕೇ ಹೇಳುತ್ತೇನೆ, ಮೇವು ಸುಧಾರಿಸುವುದೊಂದೇ ಗುರಿಯಾದರೆ ಅಣಬೆಯ ಗೊಡವೆ ಬೇಡ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ, ಅದನ್ನು ಕರಗಿಸುವುದಕ್ಕೆ ನಲವತ್ತೈವತ್ತು ಲೀಟರ್ ನೀರು, ಪದರ ಪದರವಾಗಿ ಎರಚಿ ಗಾಳಿಯಾಡದಂತೆ ಮೂರು ವಾರ ಮುಚ್ಚಿಡು. ಅದು ಅಗ್ಗ, ಹುಲ್ಲೂ ಕರಗುವುದಿಲ್ಲ. ಅಳತೆ ಮಾತ್ರ ತಪ್ಪಬಾರದು. ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಕ್ಕೇ ಅಪಾಯ, ಆರು ತಿಂಗಳೊಳಗಿನ ಕರುವಿಗೆ ಈ ಹುಲ್ಲು ಹಾಕಲೇಬಾರದು. ನೀನು ಹೇಗೂ ಮಾರುವುದಕ್ಕೆ ಅಣಬೆ ಬೆಳೆಯುತ್ತಿದ್ದೀಯ. ಹತ್ತು ಕಿಲೋ ಒಣಹುಲ್ಲಿಗೆ ಐದಾರು ಕಿಲೋ ಅಣಬೆ ಕೊಯ್ದರೆ ಹುಲ್ಲಿನ ಕಾಸು ಅಲ್ಲೇ ಹುಟ್ಟಿತು. ಉಳಿದದ್ದು ಹಸುವಿಗೆ ಲಾಭ. ನಿನ್ನಂಥವಳಿಗೆ ಮಾತ್ರ ಈ ದಾರಿ ಸರಿ.

ಇನ್ನು ಹುಲ್ಲು ಹದಮಾಡುವುದು. ತರಬೇತಿಯಲ್ಲಿ ಕಾರ್ಬೆಂಡಜಿಂ ಮತ್ತು ಫಾರ್ಮಲಿನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಹುಲ್ಲು ನೆನೆಸುವುದನ್ನು ಕಲಿಸಿರಬಹುದು. ಸೌದೆ ಉಳಿಯುತ್ತದೆ, ಕೆಲಸ ಸುಲಭ. ಆ ಹುಲ್ಲನ್ನು ಮಾತ್ರ ಯಾವ ಕಾರಣಕ್ಕೂ ಕೊಟ್ಟಿಗೆಗೆ ತರಬೇಡ. ಹಸುವಿಗೆ ಅಂತ ಇಡುವ ಚೀಲಗಳಿಗೆ ಬಿಸಿನೀರೇ ಗತಿ. ಬೆರಳುದ್ದ ಕತ್ತರಿಸಿ, ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಕುದಿಯುವ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಬೇಯಿಸಿ ಬಸಿ. ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೊಣ ಬಂತು ಅಂತ ಅಣಬೆ ಬೆಳೆಯುವ ಕೋಣೆಯಲ್ಲಿ ಕೀಟನಾಶಕ ಹೊಡೆಯಬೇಡ. ಅಣಬೆ ಬೀಜವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ನಂಬಿಕಸ್ಥ ಕಡೆಯಿಂದ ತಾ.

ಇದೆಲ್ಲಕ್ಕಿಂತ ನನಗೆ ಭಯವಿರುವುದು ಬೂಷ್ಟಿನದು. ಶಿಲೀಂಧ್ರ ಒಳ್ಳೆಯದು ಅಂತ ಕೇಳಿದ ಯಾರೋ ಒಬ್ಬರು ಮಳೆಯಲ್ಲಿ ನೆನೆದು ಕಪ್ಪಾದ ಮೆದೆಯ ಹುಲ್ಲನ್ನು ಧೈರ್ಯವಾಗಿ ಹಾಕಿಬಿಟ್ಟಾರು. ತಾನಾಗಿ ಬೆಳೆದ ಬೂಷ್ಟಿಗೂ ನಾವು ಬಿತ್ತಿದ ಅಣಬೆಗೂ ಸಂಬಂಧವಿಲ್ಲ. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ದೇಗ್ ನಾಲಾ ಎಂಬ ತೊರೆಯ ಹೆಸರು ಹೊತ್ತ ಕಾಯಿಲೆಯೊಂದಿದೆ, ಡೆಗ್ನಾಲಾ. ಫ್ಯುಸೇರಿಯಂ ಮೊದಲಾದ ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳ ಬಾಲದ ತುದಿ, ಕಿವಿಯಂಚು ಕೊಳೆಯುತ್ತವೆ, ಕಾಲು ಊದುತ್ತದೆ, ಗೊರಸು ಕಳಚಿ ಬೀಳುವುದೂ ಉಂಟು. ಹಸಿರು ಹಳದಿ ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದರ ಒಂದು ರೂಪ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ 0.5 ಮೈಕ್ರೊಗ್ರಾಂ ಮೀರಬಾರದು ಅಂತ ನಮ್ಮ ದೇಶದ ಆಹಾರ ಕಾನೂನೇ ಹೇಳುತ್ತದೆ. ಮಗುವಿಗೆ ಕುಡಿಸುವ ಹಾಲು ಅದು, ಮಗಳೇ. ನಿನ್ನ ಚೀಲದ ಹುಲ್ಲು ಪೂರ್ತಿ ಬೆಳ್ಳಗಿರಬೇಕು, ಮೂಸಿದರೆ ಅಣಬೆಯ ಹಿತವಾದ ವಾಸನೆ ಬರಬೇಕು. ಹಸಿರು, ಕಪ್ಪು, ಕಿತ್ತಳೆ ಮಚ್ಚೆ ಕಂಡರೆ, ಹುಳಿ ನಾತ ಬಂದರೆ, ಆ ತುಂಡನ್ನಷ್ಟೇ ಕಿತ್ತೆಸೆದು ಉಳಿದದ್ದು ಹಾಕಬೇಡ. ಇಡೀ ಚೀಲ ತಿಪ್ಪೆಗೆ ಹೋಗಲಿ.

ಒಳ್ಳೆಯ ಚೀಲ ಬಿಚ್ಚಿದ ದಿನವೇ ಹಾಕು, ಇಲ್ಲವೇ ತೆಳುವಾಗಿ ಹರಡಿ ಬಿಸಿಲಿಗೆ ಒಣಗಿಸು. ಒದ್ದೆ ಹುಲ್ಲು ಎರಡು ದಿನ ರಾಶಿ ಬಿದ್ದರೆ ಕೆಟ್ಟಿತು. ಪ್ಲಾಸ್ಟಿಕ್ ಚೂರು, ದಾರ ಒಂದೂ ಉಳಿಯದಂತೆ ಆರಿಸು. ಮೊದಲ ದಿನ ಒಂದು ಹಿಡಿ, ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸು. ಒಣಮೇವಿನ ಮೂರನೇ ಒಂದು ಪಾಲು ಮೀರುವುದು ಬೇಡ. ನೆಲ್ಲುಲ್ಲಿನ ಆಕ್ಸಲೇಟ್ ಸುಣ್ಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ, ಆದ್ದರಿಂದ ಖನಿಜ ಮಿಶ್ರಣ ತಪ್ಪಿಸಬೇಡ. ಹಸಿರುಮೇವು, ಹಿಂಡಿ ಇದ್ದ ಹಾಗೇ ಇರಲಿ. ಗಬ್ಬದ ಹಸುವಿಗೂ ಎಳೆಗರುವಿಗೂ ಪಶುವೈದ್ಯರನ್ನು ಕೇಳದೆ ಹಾಕಬೇಡ. ನಿನಗೂ ಒಂದು ಮಾತು. ಅಣಬೆಯ ಅಂಚು ಮೇಲಕ್ಕೆ ಮಡಚುವ ಮುನ್ನ ಕೊಯ್ಯಿ, ಕೋಣೆಗೆ ಹೋಗುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೋ. ಆ ಬೀಜಾಣುವಿನ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಉಬ್ಬಸ ತರಬಹುದು.

ಈ ಸಲದ ಚೀಲಗಳಿಗೆ ಫಾರ್ಮಲಿನ್ ಬಳಸಿದ್ದರೆ ಅವನ್ನೆಲ್ಲ ಗೊಬ್ಬರಕ್ಕೆ ಬಿಡು. ಮುಂದಿನ ಸಲ ಹುಲ್ಲು ಬೇಯಿಸುವುದಕ್ಕೆ ದೊಡ್ಡ ಹಂಡೆ ನನ್ನ ಮನೆಯಲ್ಲಿದೆ, ಬಂದು ತೆಗೆದುಕೊಂಡು ಹೋಗು.