ರಜೆಗೆ ಬಂದಾಗಲೇ ಮುಗಿಸಿ: ಹೊರದೇಶದ ಕನ್ನಡಿಗರಿಗೆ ಆಸ್ಪತ್ರೆ ಸೂತ್ರಗಳು

ದುಬೈಯಲ್ಲಿರಿ, ಡಲ್ಲಾಸ್‌ನಲ್ಲಿರಿ, ಹೊತ್ತಲ್ಲದ ಹೊತ್ತಿನಲ್ಲಿ ಊರಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಅಪ್ಪನಿಗೆ ಎದೆನೋವು, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ದುಡ್ಡು ಕಳಿಸಲು ಎರಡು ನಿಮಿಷ ಸಾಕು. ಯಾವ ಕಾರ್ಡು ಯಾವ ಬೀರುವಿನಲ್ಲಿದೆ, ಎಲ್ಲಿಗೆ ಕರೆದೊಯ್ಯಬೇಕು ಎಂದು ಅಲ್ಲಿಂದ ಹೇಳುವುದೇ ಕಷ್ಟ. ಆ ಕೆಲಸ ಮುಂದಿನ ರಜೆಯಲ್ಲೇ ಆಗಲಿ.

1. ತುರ್ತಿಗೆ ಪಾಸ್‌ಪೋರ್ಟ್ ಬೇಡ. 108 ಆಂಬುಲೆನ್ಸ್ ಉಚಿತ. ನೀವು ಯಾವ ದೇಶದ ಪ್ರಜೆ ಎಂದು ಅದು ಕೇಳುವುದಿಲ್ಲ. ರಸ್ತೆ ಅಪಘಾತವಾದರೆ, 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಡಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಇದೆ. ರಜೆಗೆ ಬಂದ ಮಗುವಿಗೆ ಬೀದಿನಾಯಿ ಕಚ್ಚಿದರೆ ದೊಡ್ಡ ಖಾಸಗಿ ಆಸ್ಪತ್ರೆ ಹುಡುಕುತ್ತ ಸುತ್ತಬೇಡಿ. ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ತಾಲೂಕು ಆಸ್ಪತ್ರೆಗೆ ಓಡಿ.

2. ಕಾರ್ಡುಗಳನ್ನು ಬೇರೆಬೇರೆಯಾಗಿ ತಿಳಿಯಿರಿ. 14 ಅಂಕಿಯ ಆಭಾ ಸಂಖ್ಯೆ ಇದ್ದರೆ ಚಿಕಿತ್ಸೆ ಉಚಿತ ಎಂದುಕೊಂಡವರು ಬಹಳ. ಅದು ದಾಖಲೆ ಜೋಡಿಸುವ ಸಂಖ್ಯೆ, ಅಷ್ಟೇ. ಖರ್ಚು ಭರಿಸುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ಅದರಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಇನ್ನೊಂದು ಮಾತು: ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ಇದು ಗೊತ್ತಿಲ್ಲದೆ ನೇರವಾಗಿ ದಾಖಲಾಗಿ, ಬಿಲ್ಲು ಬಂದ ಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ಆಸ್ಪತ್ರೆಯಲ್ಲಿ ಕೂರುವ ‘ಆರೋಗ್ಯಮಿತ್ರ’ರನ್ನು ಮೊದಲೇ ವಿಚಾರಿಸಿ.

3. ಆಧಾರ್‌ಗೆ ಊರಿನ ಮೊಬೈಲ್ ಸಂಖ್ಯೆ ಜೋಡಿಸಿ, ಅದು ಸಾಯದಂತೆ ನೋಡಿಕೊಳ್ಳಿ. ಅಪ್ಪನ ಆಧಾರ್‌ಗೆ ಮಗನ ಹಳೇ ಸಂಖ್ಯೆ, ಮಗ ಮೆಲ್ಬರ್ನ್‌ನಲ್ಲಿ, ಸಿಮ್ ಯಾವತ್ತೋ ಬಂದ್. ಒಟಿಪಿ ಯಾರಿಗೆ ಬರಬೇಕು?

4. ಒಸಿಐ ಎಂದರೆ ಪೌರತ್ವ ಅಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಊರಿಗೆ ಬಂದಿಳಿದ ತಕ್ಷಣ ಆಧಾರ್‌ಗೆ ಅರ್ಜಿ ಹಾಕಬಹುದು. ಒಸಿಐ ಇರುವವರು ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸಿಸಿರಬೇಕು. ಆರೋಗ್ಯ ಕರ್ನಾಟಕದಂಥ ಯೋಜನೆಗಳು ರಾಜ್ಯದ ನಿವಾಸಿಗಳಿಗೆ. ಮೂರು ವಾರದ ರಜೆಯಲ್ಲಿ ಬಂದು ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಲೆಕ್ಕಾಚಾರ ಬೇಡ.

5. ಬಿಪಿಎಲ್ ಕಾರ್ಡಿನಲ್ಲಿ ನಿಮ್ಮ ಹೆಸರಿದ್ದರೆ ತೆಗೆಸಿ. ಡಾಲರ್‌ನಲ್ಲಿ ಸಂಬಳ, ಪಡಿತರ ಚೀಟಿಯಲ್ಲಿ ಬಡವ! ಇದು ಜಾಣತನವಲ್ಲ, ವಂಚನೆ. ಪರಿಶೀಲನೆ ಬಂದಾಗ ಇಡೀ ಮನೆಯ ಕಾರ್ಡೇ ರದ್ದಾದೀತು.

6. ಎಪ್ಪತ್ತು ದಾಟಿದವರಿಗೆ ಆದಾಯ ನೋಡದೆ 5 ಲಕ್ಷ ರೂಪಾಯಿ ರಕ್ಷಣೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ನೋಂದಣಿಗೆ ಆಧಾರ್ ಬೇಕು. ನಿಮ್ಮೂರಿನ ಸುತ್ತ ಅದು ಎಲ್ಲಿ ನಡೆಯುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

7. ಕೊಲ್ಲಿಗೆ ದುಡಿಯಲು ಹೊರಟವರೇ, ಪ್ರವಾಸಿ ಭಾರತೀಯ ಬಿಮಾ ಪಾಲಿಸಿಯ ಪ್ರತಿಯನ್ನು ಮನೆಯಲ್ಲೂ ಒಂದು ಇಟ್ಟು ಹೋಗಿ. ಇಸಿಆರ್ (ವಲಸೆ ತಪಾಸಣೆ ಬೇಕಾದ) ಪಾಸ್‌ಪೋರ್ಟಿನವರಿಗೆ ಇದು ಕಡ್ಡಾಯ; ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವಿಕಲತೆಗೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಏಜೆಂಟ್ ಪಾಲಿಸಿ ಮಾಡಿಸಿರುತ್ತಾನೆ, ಆದರೆ ಮನೆಯವರಿಗೆ ಸುಳಿವೇ ಇರುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳ ಕಥೆ ಇದೇ.

8. ಹೊರದೇಶದ ಚೀಟಿಯನ್ನು ಇಲ್ಲಿನ ವೈದ್ಯರಿಗೆ ಅರ್ಥವಾಗುವಂತೆ ತನ್ನಿ. ಬ್ರ್ಯಾಂಡ್ ಹೆಸರು ಸಾಲದು, ಔಷಧದ ಮೂಲ ಹೆಸರು ಬೇಕು. ಅಮೆರಿಕದ ಅಸೆಟಮಿನೋಫೆನ್ ಇಲ್ಲಿ ಪ್ಯಾರಸಿಟಮಾಲ್; ಅಲ್ಲಿನ ಆಲ್ಬುಟೆರಾಲ್ ಇಲ್ಲಿ ಸಾಲ್ಬುಟಮಾಲ್. ಅಂಕಿಗಳಲ್ಲಿ ಇನ್ನೂ ಎಚ್ಚರ ಬೇಕು. ರಕ್ತದ ಸಕ್ಕರೆ ಬ್ರಿಟನ್ ವರದಿಯಲ್ಲಿ 7 ಎಂದಿದ್ದರೆ ಇಲ್ಲಿನ ಲೆಕ್ಕದಲ್ಲಿ 126; ಹದಿನೆಂಟರಿಂದ ಗುಣಿಸಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅಲ್ಲಿ 48 ಎಂದರೆ ಇಲ್ಲಿ 6.5. ಹೊರರೋಗಿ ವಿಭಾಗದ ವೈದ್ಯರಿಗೆ ನಿಮ್ಮ ಹಿಂದೆ ನೂರು ಜನ ಕಾದಿರುತ್ತಾರೆ. ನಿಮ್ಮ ಇಪ್ಪತ್ತು ಪುಟದ ಕಡತವನ್ನು ಒಂದು ಪುಟಕ್ಕೆ ಇಳಿಸುವುದು ನಿಮ್ಮದೇ ಕೆಲಸ.

9. ಇಲ್ಲಿನ ಖಾಸಗಿ ವಿಮೆಯನ್ನು ನಿಲ್ಲಿಸಬೇಡಿ. ಮರಳಿ ಬಂದು ಹೊಸದಾಗಿ ಕೊಂಡರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾದೀತು.

10. ಯಾವ ಕಾಯಿಲೆಗೆ ಎಲ್ಲಿ ಎಂದು ಈಗಲೇ ತೀರ್ಮಾನಿಸಿ. ಹೃದಯಕ್ಕೆ ಜಯದೇವ: ಬೆಂಗಳೂರು, ಮೈಸೂರು, ಕಲಬುರಗಿ ಮೂರೂ ಕಡೆ ಇದೆ. ಕ್ಯಾನ್ಸರಿಗೆ ಕಿದ್ವಾಯಿ, ಮಿದುಳು–ಮನಸ್ಸಿಗೆ ನಿಮ್ಹಾನ್ಸ್. ದಕ್ಷಿಣ ಕನ್ನಡದವರಿಗೆ 1848ರಿಂದಿರುವ ವೆನ್ಲಾಕ್, ಧಾರವಾಡದ ಕಡೆಯವರಿಗೆ ಹುಬ್ಬಳ್ಳಿಯ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ಹತ್ತಿರದಲ್ಲಿರುವ, ರಾತ್ರಿ ಎಬ್ಬಿಸಿದರೂ ಬೇಸರಿಸದ ಒಬ್ಬ ನೆಂಟರಿಗೋ ಪಕ್ಕದ ಮನೆಯವರಿಗೋ ಇದೆಲ್ಲ ತಿಳಿಸಿ, ಕಾರ್ಡುಗಳ ಪ್ರತಿ ಕೊಡಿ. ಮನೆಯಲ್ಲಿ ಫ್ರಿಜ್ಜಿನ ಬಾಗಿಲ ಮೇಲೂ ಈ ಪಟ್ಟಿ ಇರಲಿ. ಕನ್ನಡದಲ್ಲಿ, ಅಮ್ಮ ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ; ಆಮೇಲೆ ವಿಮಾನ ಹತ್ತಿ.